ಟ್ರಂಕಿನಲ್ಲಿರುವ ಚಿಪ್ಪು

ನವೆಂಬರ್ 19, ಸೋಮವಾರ. ಖರಗ್‌ಪುರ

ಸಮನ್ಸ್ ಬಂತು! ನನ್ನ ಹೆಸರಿಗೇ — ಅದೂ ಗಂಡನ ಮನೆಯ ಸರ್‌ನೇಮ್ ಸಮೇತ! ದಾಲ್ಮಾ ಬೇಳೆಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಎಸೆದು ನೀಲಾದ್ರಿಯ ಕುತ್ತಿಗೆಗೆ ಜೋತುಬಿದ್ದೆ.

"ಕೋರ್ಟಿನ ಕಾಗದಕ್ಕೆ ಕುಣಿಯೋಳನ್ನ ಇವತ್ತೇ ನೋಡಿದ್ದು ಕಣೇ," ಅಂದ. ಎಷ್ಟು ಮುದ್ದಾಗಿ ನಗುತ್ತಾನೆ! ಒಗ್ಗರಣೆ ಸೀದುಹೋಯಿತು.

ನಾಲ್ಕು ವರ್ಷ ಕಾದಿದ್ದೇನೆ. ಖಗೇಶ್ವರ, ಈಗ ನಿನ್ನ ಸರದಿ.

ನವೆಂಬರ್ 21, ಸಂಜೆ

ನೀಲಾದ್ರಿಗೆ ಎಲ್ಲ ಹೇಳಿದೆ. ನನ್ನ ತವರೂರು ಚಾಂದಿಪುರದ ದಡಕ್ಕೆ ದೊಡ್ಡ ಉಬ್ಬರದಲ್ಲಿ ಲಾಳದ ಏಡಿಗಳು ಮೊಟ್ಟೆಯಿಡಲು ಬರುತ್ತವೆ. ಹೆಣ್ಣಿನ ಬೆನ್ನು ಹಿಡಿದುಕೊಂಡು ಗಂಡು. ಯಾವಾಗಲೂ ಜೋಡಿ. ("ನಮ್ಮ ಥರ," ಅಂದ. ಪೆದ್ದ!) ಮೀನು ವ್ಯಾಪಾರಿ ಖಗೇಶ್ವರ ಅವನ್ನು ಜೋಡಿ ಸಮೇತ ಗೋಣಿಗೆ ತುಂಬಿ ಸಾಗಿಸುತ್ತಿದ್ದ. ವನ್ಯಜೀವಿ ಕಾಯ್ದೆಯ ಪ್ರಕಾರ ಹಿಡಿಯುವುದೇ ಅಪರಾಧ. ಶಾಲೆ ಮೇಷ್ಟ್ರಾದ ನನ್ನ ಅಪ್ಪ, ಬಾಪಾ, ದೂರು ಕೊಟ್ಟರು. ಅರಣ್ಯ ಇಲಾಖೆ ಗೋಣಿಗಳನ್ನು ಹಿಡಿಯಿತು. ನನ್ನವಲ್ಲ ಅಂದ ಅವನು.

ಮರುದಿನ ಮೀನು ಮಾರುಕಟ್ಟೆಯಲ್ಲಿ ಸತ್ತ ಏಡಿಯ ಚಿಪ್ಪನ್ನು ಖಗೇಶ್ವರ ಬಾಪಾರ ತಲೆಗೆ ದಾರ ಬಿಗಿದು ಕಟ್ಟಿದ. "ಕಾನೂನಿನ ಮಹಾರಾಜ ಬಂದ, ದಾರಿ ಬಿಡ್ರೋ!" ಎಲ್ಲರೂ ನಕ್ಕರು. ಬಾಪಾರ ಹತ್ತಿರ ಅಕ್ಷರ ಕಲಿತವರೂ...

ಅಂದಿನಿಂದ ಬಾಪಾ ಕಡಲಿನ ಕಡೆ ತಲೆಹಾಕಿಲ್ಲ. ಸಾಕ್ಷಿ ಹೇಳಲೂ ಒಲ್ಲರು. ಅವನು ಗೋಣಿ ಕಟ್ಟುವುದನ್ನು ಕಂಡ ಇನ್ನೊಬ್ಬಳು ನಾನೇ. ನಾನು ಹೋಗದಿದ್ದರೆ ಕೇಸು ಬಿದ್ದುಹೋಗುತ್ತದೆ. ಮುಂದಿನ ಉಬ್ಬರಕ್ಕೆ ಮತ್ತೆ ಗೋಣಿ.

ಆ ಚಿಪ್ಪು ನನ್ನ ಟ್ರಂಕಿನಲ್ಲಿದೆ, ಮದುವೆ ಸೀರೆಗಳ ಕೆಳಗೆ.

"ಅಯ್ಯೋ, ಅದನ್ನ ಇಟ್ಕೊಳ್ಳೋದೂ ಅಪರಾಧ ಅಲ್ವೇನೇ?"

ಹೌದಲ್ಲ! ಸರಿ, ಕೋರ್ಟಿಗೇ ಒಪ್ಪಿಸುತ್ತೇನೆ. ಅವನ ಮುಂದೆಯೇ.

ಡಿಸೆಂಬರ್ 1, ಶನಿವಾರ

ಖಗೇಶ್ವರ ಅತ್ತೆಗೆ ಫೋನ್ ಮಾಡಿದ್ದ! ಸ್ಪೀಕರ್‌ನಲ್ಲಿ ಕೇಳಿಸಿತು. "ಮಾರ್ಗಶಿರದ ಗುರುವಾರ ಹೊಸ ಸೊಸೆ ಹೊಸ್ತಿಲು ದಾಟಿದ್ರೆ ಲಕ್ಷ್ಮೀನೇ ಹೋದ ಹಾಗೆ ಅಮ್ಮಾ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅವನ ವಕೀಲ ವಿಚಾರಣೆಗೆ ಆರನೇ ತಾರೀಖನ್ನೇ, ಗುರುವಾರವನ್ನೇ, ಯಾಕೆ ಕೇಳಿದ ಅಂತ ಈಗ ಗೊತ್ತಾಯಿತು. ರಾಸ್ಕಲ್!

ಅತ್ತೆ ಫೋನ್ ಇಟ್ಟು ದೇವರ ಕೋಣೆಗೆ ಹೋದರು.

ಡಿಸೆಂಬರ್ 4, ಮಂಗಳವಾರ

ಅತ್ತೆ ಗುರುವಾರದ ರಂಗೋಲಿಗೆ ಅಕ್ಕಿ ಆರಿಸುತ್ತಿದ್ದರು. "ಲಿಪಿ, ಆ ಚಿಪ್ಪು ತಾ." ನೀಲಾದ್ರಿ ಹೇಳಿದ್ದನಂತೆ. ತಂದುಕೊಟ್ಟೆ. ತಿರುಗಿಸಿ ನೋಡಿದರು. ದಾರದ ಗಂಟು ಇನ್ನೂ ಹಾಗೇ ಇತ್ತು.

"ಇದನ್ನ ಮೇಷ್ಟ್ರ ತಲೆಗೆ ಕಟ್ಟಿದ್ನಾ?"

ತಲೆಯಾಡಿಸಿದೆ.

"ಗುರುವಾರ ಲಕ್ಷ್ಮಿ ಮನೇಲಿ ಕೂತಿರ್ತಾಳೆ ಅಂತ ಯಾರಮ್ಮ ಹೇಳಿದ್ದು ಆ ಮುಠ್ಠಾಳಂಗೆ? ಅವತ್ತೇ ಅವಳು ಊರು ಸುತ್ತೋದು, ಎಲ್ಲೆಲ್ಲಿ ಹೊಲಸಿದೆ ನೋಡೋಕೆ. ಈ ಸಲ ಕೋರ್ಟೂ ನೋಡ್ಲಿ. ಒಳಗೆ ಬರೋ ಲಕ್ಷ್ಮಿ ಪಾದ ನಾನು ಬರೀತೀನಿ. ಹೊರಗೆ ಹೋಗೋದನ್ನ ನೀನು ಬರಿ."

ಅತ್ತೆಯನ್ನು ಎತ್ತಿಕೊಂಡು ತಿರುಗಿಸಬೇಕು ಅನ್ನಿಸಿತು. ಕಾಲಿಗೆ ಬಿದ್ದೆ.

ಡಿಸೆಂಬರ್ 5, ಬುಧವಾರ, ಸಂಜೆ 6

ಬಾಪಾಗೆ ಫೋನ್ ಮಾಡಿದೆ. ಚಿಪ್ಪು ತರುತ್ತಿದ್ದೇನೆ ಅಂದೆ.

"ಸ್ಟೇಷನ್ನಿಗೆ ಬರ್ತೀನಿ. ಕೋರ್ಟಿಗೂ ಬರ್ತೀನಿ. ಆ ಚಿಪ್ಪು ನಾನು ಹಿಡ್ಕೋತೀನಿ ಮಗಳೇ. ಯಾವ ಗಾಡಿ?"

ಕೂಗಿಯೇ ಹೇಳಿದೆ, ಖಗೇಶ್ವರನಿಗೂ ಕೇಳಿಸುವ ಹಾಗೆ — ನಾಳೆ, ಗುರುವಾರ. ಧೌಲಿ ಎಕ್ಸ್‌ಪ್ರೆಸ್!