ಭಾನುವಾರದ ರಕ್ತದೊತ್ತಡ

ಎರಡು ಸಾವಿರದ ಇನ್ನೂರ ಮೂವತ್ತೊಂದನೆಯ ಇಸವಿ, ಹದಿಮೂರನೆಯ ತಿಂಗಳು, ಹದಿನೈದನೆಯ ದಿನ, ಭಾನುವಾರ, ಬೆಳಗಿನ ಅಳತೆ ಆರಂಭವಾಗುವ ಮೊದಲು.

ಮಾನ್ಯರೆ,

ಟೆಸ್ಟೊಸ್ಟಿರೋನ್ ಮರುಪೂರಣ ಚಿಕಿತ್ಸೆ ಪಡೆಯುವವರ ರಕ್ತದೊತ್ತಡವನ್ನೂ ನಾಡಿಬಡಿತವನ್ನೂ ಯಾವ ದಿನ ಅಳೆಯಬೇಕೆಂಬ ವಿಷಯದಲ್ಲಿ, ನಿಮ್ಮ ಕಾಲದ ಒಂದು ಹಾಳೆಯನ್ನು ಆಧಾರವಾಗಿಟ್ಟುಕೊಂಡು ನಾವು ಮಾಡಿದ ತಪ್ಪನ್ನು ನಿಮಗೆ ತಿಳಿಸುವುದು ಈ ಪತ್ರದ ಉದ್ದೇಶ. ಬೇರೆ ಉದ್ದೇಶವಿಲ್ಲ. ಹದಿಮೂರನೆಯ ತಿಂಗಳು ಎಂದುದನ್ನು ಬರವಣಿಗೆಯ ದೋಷವೆಂದು ಭಾವಿಸಬಾರದು. ಬೇಸಿಗೆ ಉದ್ದವಾದ ಮೇಲೆ ನಮ್ಮ ಹಿರಿಯರು ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳುಗಳಾಗಿ ಕತ್ತರಿಸಿಕೊಂಡರು. ನನ್ನ ಇನ್ನೂ ಕೆಲವು ಮಾತುಗಳು ನಿಮ್ಮ ಕಿವಿಗೆ ಅಪರಿಚಿತವಾಗಿ ಕೇಳಿಸಬಹುದು. ಅದಕ್ಕಾಗಿ ಕ್ಷಮೆ ಕೋರುತ್ತೇನೆ. ಮಾತುಗಳಿಗೆ ಮಾತ್ರ, ವಿಷಯಕ್ಕಲ್ಲ.

ನನ್ನ ಹೆಸರು ಹುಲಿಗೆಮ್ಮ, ಅಮರಗುಂಡಪ್ಪನವರ ಮಗಳು. ನಾಡಿ, ರಕ್ತದೊತ್ತಡ ಅಳೆಯುವುದನ್ನು ಕಲಿಸುವ ನಾಡಿಶಾಲೆಯ ಈ ವರ್ಷದ ನಲವತ್ತೊಂದು ವಿದ್ಯಾರ್ಥಿಗಳಲ್ಲಿ ಮೊದಲ ಸ್ಥಾನ ನನ್ನದು. ಎರಡನೆಯ ಸ್ಥಾನದವನು ನನಗಿಂತ ಬಹಳ ಹಿಂದಿದ್ದಾನೆ. ಮೊದಲ ಸ್ಥಾನ ಪಡೆದವರಿಗೆ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಂದೇ ಒಂದು ಪತ್ರ ಕಳಿಸುವ ಹಕ್ಕು ಸಿಗುತ್ತದೆ. ನನಗಿಂತ ಮುಂಚಿನವರು ಪೂರ್ವಜರಿಗೆ ನಮಸ್ಕಾರ ಬರೆದು, ಇಲ್ಲಿ ಎಲ್ಲರೂ ಕ್ಷೇಮವೆಂದು ಮುಗಿಸಿದ್ದಾರೆ. ಆ ಪತ್ರಗಳು ತಲುಪಿದುವೆಂದು ಅಂಚೆಯವರು ಹೇಳುತ್ತಾರೆ. ಒಂದಕ್ಕಾದರೂ ಉತ್ತರ ಬಂದಿದೆಯೇ ಎಂದು ಕೇಳಿದೆ. ಅವರು ಮುಗುಳ್ನಕ್ಕು ನನ್ನ ಕೈಗೆ ಕಾಗದ ಕೊಟ್ಟರು. ಆದ್ದರಿಂದ ಇದು ತಲುಪುತ್ತದೆಂಬ ಭರವಸೆ ನನಗೆ ಪೂರ್ತಿಯಾಗಿ ಇಲ್ಲ. ತಲುಪಿದರೆ ಎಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ನಾವಿರುವುದು ಒಳಪೇಟೆಯಲ್ಲಿ. ರಾಯಚೂರು ಸೀಮೆಯ ಒಂದು ಹಳೆಯ ಗಣಿಯನ್ನು ಅಗಲಿಸಿ ನೆಲದೊಳಗೆ ಕಟ್ಟಿದ ಊರು ಇದು. ಮೇಲ್ನೆಲದಲ್ಲಿ ಹಗಲು ಬಿಸಿಲಿಗೆ ನಿಲ್ಲಲಾಗದು. ಜೋಳ, ತೊಗರಿ ಅಲ್ಲಿ ರಾತ್ರಿಯ ಬೆಳೆಗಳು. ಮೊದಲ ಮೂರು ಮಟ್ಟಗಳಲ್ಲಿ ಮನೆ, ಶಾಲೆ, ರೊಟ್ಟಿ ಅಂಗಡಿಗಳಿವೆ. ರೊಟ್ಟಿ ಬಡಿಯುವ ಸದ್ದು ಕಲ್ಲಿನ ಗೋಡೆಗೆ ತಾಗಿ ಊರಿಗೆಲ್ಲ ಕೇಳಿಸುವುದರಿಂದ ಯಾರ ಮನೆಯಲ್ಲಿ ಊಟ ತಡವಾಯಿತೆಂಬುದು ಗುಟ್ಟಾಗಿ ಉಳಿಯುವುದಿಲ್ಲ. ಅದಕ್ಕೂ ಕೆಳಗೆ ಸಂಗ್ರಹದ ಕೋಣೆಗಳು. ಎಲ್ಲಕ್ಕಿಂತ ಕೆಳಗೆ ಏಳನೆಯ ಮಟ್ಟದಲ್ಲಿ ಪಂಪುಗಳು. ಬಂಡೆಯಿಂದ ಒಸರುವ ನೀರನ್ನು ಅವು ಎತ್ತಿ ಹಾಕದಿದ್ದರೆ ಆರು ವಾರಗಳಲ್ಲಿ ನಮ್ಮ ಮನೆಯ ಹೊಸ್ತಿಲು ನೆನೆಯುತ್ತದೆ. ಅಲ್ಲಿಯ ಬಿಸಿ ನಲವತ್ತಮೂರು ಡಿಗ್ರಿ. ಅಲ್ಲಿಗೆ ಹೋಗುವವರ ಬಳಿ ಇಳಿಕೆಚೀಟಿ ಇರಬೇಕು. ಈ ಮನುಷ್ಯನ ಹೃದಯ ಕೆಳಗಿನ ಬಿಸಿಯನ್ನು ತಡೆಯುತ್ತದೆಂದು ಮೂರು ತಿಂಗಳಿಗೊಮ್ಮೆ ನಾಡಿಮನೆಯವರು ಸಹಿ ಹಾಕಿ ಕೊಡುವ ಚೀಟಿ ಅದು. ನನ್ನ ತಂದೆ, ನಡುವಿನ ಎರಡು ವರ್ಷ ಬಿಟ್ಟರೆ, ಹತ್ತೊಂಬತ್ತು ವರ್ಷಗಳಿಂದ ಏಳನೆಯ ಮಟ್ಟದ ಹಿರಿಯ ಪಂಪಿನವರು. ನಾನು ಎರಡು ತಿಂಗಳಿಂದ ನಾಡಿಮನೆಯಲ್ಲಿ ಸಹಿಯ ಅಧಿಕಾರವುಳ್ಳವಳು.

ಬಿಸಿಲು ಕಾಣದ ಬದುಕಿನಲ್ಲಿ ನಮ್ಮ ಎಷ್ಟೋ ಗಂಡಸರಿಗೆ ನಡುವಯಸ್ಸಿನಲ್ಲೇ ಟೆಸ್ಟೊಸ್ಟಿರೋನ್ ಕುಸಿಯುತ್ತದೆ. ಎರಡು ಬೆಳಗಿನ ರಕ್ತಪರೀಕ್ಷೆಗಳಲ್ಲಿ ಅದು ಖಚಿತವಾದರೆ ವಾರಕ್ಕೊಂದು ಚುಚ್ಚುಮದ್ದು ಕೊಡುತ್ತೇವೆ. ಜನ ಅದನ್ನು ಕಸುವುಮದ್ದು ಎನ್ನುತ್ತಾರೆ. ಸೋಮವಾರ ಬೆಳಿಗ್ಗೆ ನಾಡಿಮನೆಯ ಮುಂದೆ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲಿ ಗಾಂಭೀರ್ಯವನ್ನು ನಿರೀಕ್ಷಿಸಬಾರದು. “ಸೂಜಿ ಕಂಡ್ರ ಕಣ್ಣು ಮುಚ್ತಿ, ಹೆಂಡ್ತಿ ಕಂಡ್ರ ಏನು ಮಾಡ್ತಿಯೋ?” ಎಂದು ಒಬ್ಬ ಕೇಳಿದರೆ, “ಅಕೀ ಕಂಡ್ರ ಬಾಯಿನೂ ಮುಚ್ತೀನಿ” ಎಂದು ಮುಂದಿನವನು ತೋಳು ಒಡ್ಡುತ್ತಾನೆ. ಈ ಮದ್ದನ್ನು ನಾನು ದೂಷಿಸುತ್ತಿಲ್ಲ. ಅದಿಲ್ಲದ ಆ ಎರಡು ವರ್ಷ ನನ್ನ ತಂದೆ ಪಂಪು ಬಿಟ್ಟು ಮನೆಯಲ್ಲಿ ಗೋಡೆ ನೋಡುತ್ತ ಕುಳಿತಿದ್ದರು; ಕರೆದರೆ ತಿರುಗುತ್ತಿರಲಿಲ್ಲ. ಮದ್ದು ಆರಂಭವಾದ ನಾಲ್ಕನೆಯ ತಿಂಗಳು ಅವರು ಸ್ನಾನ ಮಾಡುತ್ತ ತತ್ವಪದ ಹಾಡಿದ್ದನ್ನು ಕೇಳಿ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು.

ಇನ್ನು ಅಳತೆ. ನಮ್ಮಲ್ಲಿ ಅದು ಭಾನುವಾರ, ಅಂದರೆ ಮುಂದಿನ ಸೂಜಿಯ ಹಿಂದಿನ ದಿನ. ಅಂದು ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡುತ್ತೇವೆ. ಅರ್ಧ ಗಂಟೆ ಮುಂಚಿನಿಂದ ಚಹಾ ಇಲ್ಲ, ಬೀಡಿ ಇಲ್ಲ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕುಳಿತ ಮೇಲೆ ತೋಳನ್ನು ಎದೆಯ ಮಟ್ಟಕ್ಕಿಟ್ಟು, ಅಳತೆಗೆ ಹೊಂದುವ ಪಟ್ಟಿ ಸುತ್ತಿ, ಎರಡು ಸಲ ಅಳೆದು ಸರಾಸರಿ ಬರೆಯುತ್ತೇವೆ. ಇಷ್ಟು ಶುದ್ಧವಾಗಿ ನೀವು ಅಳೆಯುತ್ತೀರೆಂದು ನನಗನ್ನಿಸುವುದಿಲ್ಲ. ಹನ್ನೊಂದು ವರ್ಷಗಳ ಇಂಥ ಭಾನುವಾರದ ಅಂಕಿಗಳನ್ನು ಓದಿ, ಕಸುವುಮದ್ದು ಒಳಪೇಟೆಯವರ ರಕ್ತದೊತ್ತಡವನ್ನಾಗಲಿ ನಾಡಿಯನ್ನಾಗಲಿ ಏರಿಸುವುದಿಲ್ಲವೆಂದು ನಾನು ಪ್ರಬಂಧ ಬರೆದೆ. ಮೊದಲ ಸ್ಥಾನ ಬಂದದ್ದು ಅದಕ್ಕೇ.

ಮೂರು ವಾರಗಳ ಹಿಂದಿನ ಬುಧವಾರ ತಂದೆಯವರು ಕೆಲಸದಿಂದ ಬಂದು ರೊಟ್ಟಿ ಮುರಿಯುವಾಗ ಅವರ ಮುಖ ಕೆಂಪೇರಿದ್ದನ್ನು ಕಂಡೆ. ಕುತ್ತಿಗೆಯ ನರ ಹಾರುತ್ತಿತ್ತು. ಮಣಿಕಟ್ಟು ಹಿಡಿದು ಎಣಿಸಿದೆ: ನೂರ ನಾಲ್ಕು. ಅರ್ಧ ಗಂಟೆ ಕೂರಿಸಿ ಮತ್ತೆ ಎಣಿಸಿದೆ: ನೂರ ಎರಡು. ಒತ್ತಡ ನೂರ ಐವತ್ತೆಂಟು, ತೊಂಬತ್ತೆಂಟು. ಅದೇ ವಾರದ ಭಾನುವಾರ ನಾಡಿ ಎಪ್ಪತ್ತಾರು. ಒತ್ತಡ ನೂರ ಇಪ್ಪತ್ತನಾಲ್ಕು, ಎಪ್ಪತ್ತೆಂಟು. ಮೊದಲು ಉಪಕರಣವನ್ನು ಸಂಶಯಿಸಿದೆ, ಬೇರೆಯದರಿಂದ ಅಳೆದರೂ ಅಂಕಿ ಅಷ್ಟೇ ಬಂತು. ಅನಂತರ ತಂದೆಯವರನ್ನೇ ಸಂಶಯಿಸಿದೆ. ಭಾನುವಾರ ಯಾವುದೋ ಸೊಪ್ಪಿನ ರಸ ಕುಡಿದು ಬರುತ್ತಾರೇನೋ ಎಂದು ಅವರ ಬುತ್ತಿಯ ಗಂಟು ಬಿಚ್ಚಿ ನೋಡಿದೆ. ಉಳ್ಳಾಗಡ್ಡಿ ಇತ್ತು, ಗುರೆಳ್ಳು ಪುಡಿ ಇತ್ತು, ಮತ್ತೇನೂ ಇರಲಿಲ್ಲ. ನನ್ನನ್ನು ಕಂಡು ಅವರು, “ಏನ್ ಹುಡುಕಾಕತ್ತೀ ಯವ್ವಾ, ನಿಮ್ಮಪ್ಪ ಕಳ್ಳ ಅಂತ ನಾಡಿಶಾಲ್ಯಾಗ ಕಲಿಸ್ಯಾರೇನು?” ಎಂದರು. ಎರಡನೆಯ ಬುಧವಾರವೂ ಮೂರನೆಯ ಬುಧವಾರವೂ ಅಂಕಿಗಳು ಹಾಗೆಯೇ ಬಂದವು; ಅದೇ ಕೆಲಸ ಮುಗಿಸಿ ಬಂದ ಶನಿವಾರ ಹಾಗೆ ಬರಲಿಲ್ಲ. ರಕ್ತ ತೆಗೆದು ನೋಡಿದರೆ ಕೆಂಪುಕಣಗಳ ಪಾಲು ನೂರಕ್ಕೆ ಐವತ್ತೈದು, ರಕ್ತ ಗಟ್ಟಿಯಾಗಿತ್ತು. ಅವರ ಗೊರಕೆ ನಡುವೆ ನಿಂತು ಮತ್ತೆ ಶುರುವಾಗುವುದನ್ನು ನಾನು ಎಷ್ಟೋ ತಿಂಗಳಿಂದ ಕೇಳಿಯೂ ಬರೆದುಕೊಂಡಿರಲಿಲ್ಲ.

ಸೂಜಿ ಹಾಕಿದ ಒಂದೆರಡು ದಿನಗಳಲ್ಲಿ ಮದ್ದು ರಕ್ತದಲ್ಲಿ ತುದಿಗೇರುತ್ತದೆ. ವಾರದ ಕೊನೆಗೆ ಇಳಿಯುತ್ತದೆ. ಇದು ಮೊದಲ ವರ್ಷದ ಪಾಠ. ನಾವು ಇಳಿದ ದಿನ ಮಾತ್ರ ಅಳೆಯುತ್ತಿದ್ದೆವು. ಇಷ್ಟು ಸರಳವಾದುದು ಹನ್ನೊಂದು ವರ್ಷ ಯಾರಿಗೂ ಹೊಳೆಯಲಿಲ್ಲವೆಂಬುದನ್ನು ನಾನು ನಂಬಲಾರದೆ, ಈ ಪದ್ಧತಿಯ ಮೂಲವನ್ನು ಹುಡುಕಿದೆ. ನಾಡಿಮನೆಯ ಗೋಡೆಯ ಮೇಲೆ ಗಾಜು ಹಾಕಿಟ್ಟ ನಿಮ್ಮ ಕಾಲದ ಹಾಳೆಯೊಂದಿದೆ. ಅದಕ್ಕೆ ಪ್ರತಿ ಸೋಮವಾರ ಊದಿನಕಡ್ಡಿ ಹಚ್ಚುತ್ತಾರೆ. ಅದರಲ್ಲಿ, “ಮುಂದಿನ ಚುಚ್ಚುಮದ್ದಿಗೆ ಮೊದಲು ಪರೀಕ್ಷೆ ಮಾಡಿಸಿ” ಎಂದಿದೆ. ಗಾಜು ತೆಗೆದು ಅದರ ಮೇಲಿನ ಸಾಲಿನ ಕಲೆಯನ್ನು ಒರೆಸಿದಾಗ “ರಕ್ತದಲ್ಲಿನ ಹಾರ್ಮೋನಿನ ಮಟ್ಟ” ಎಂಬ ಶಿರೋನಾಮೆ ಕಂಡಿತು. ನೀವು ಬರೆದದ್ದು ಒಂದು ಪರೀಕ್ಷೆಗೆ. ಅದನ್ನು ನಮ್ಮವರು ಎಲ್ಲ ಅಳತೆಗೂ ಅನ್ವಯಿಸಿದರು. ಒತ್ತಡವನ್ನು ಯಾವಾಗ ಅಳೆಯಬೇಕೆಂದು ನೀವು ಬರೆದಿದ್ದಿರೋ ಇಲ್ಲವೋ ತಿಳಿಯದು. ಹಾಳೆಯ ಕೆಳಗಿನ ಅರ್ಧ ಹರಿದುಹೋಗಿದೆ. ತಾನಾಗಿ ಹರಿಯಿತೆಂದು ಹೇಳುತ್ತಾರೆ. ಹರಿದ ಅಂಚು ನೇರವಾಗಿದೆ.

ಸಂಶಯ ಒಮ್ಮೆ ಬಂದ ಮೇಲೆ ಬೇರೆ ಪುಸ್ತಕಗಳನ್ನೂ ತೆರೆಸಿತು. ಈ ಹನ್ನೊಂದು ವರ್ಷಗಳಲ್ಲಿ ಏಳನೆಯ ಮಟ್ಟದಲ್ಲಿ ಒಂಬತ್ತು ಮಂದಿ ಕುಸಿದು ಸತ್ತಿದ್ದಾರೆ. ಒಂಬತ್ತು ಮಂದಿಯೂ ಕಸುವುಮದ್ದಿನವರು. ಒಂಬತ್ತಕ್ಕೂ ಕಾರಣ “ಬಿಸಿ” ಎಂದು ಬರೆದಿದೆ. ಬಿಸಿ ಅಲ್ಲಿ ವಾರವೆಲ್ಲ ಒಂದೇ ಸಮನಾಗಿರುತ್ತದೆ; ಆದರೂ ಏಳು ಮಂದಿ ಮಂಗಳವಾರ ಇಲ್ಲವೆ ಬುಧವಾರ ಸತ್ತಿದ್ದಾರೆ. ಒಂಬತ್ತು ಸಣ್ಣ ಸಂಖ್ಯೆಯೆಂದು ನನಗೆ ಗೊತ್ತಿದೆ. ಇದು ಪುರಾವೆಯಲ್ಲವೆಂದು ಪರೀಕ್ಷೆಯಲ್ಲಿ ನಾನೇ ಬರೆಯುತ್ತಿದ್ದೆ. ಈಗ ಇದು ಪರೀಕ್ಷೆಯಲ್ಲ.

ನಾಡಿಮನೆಯ ಹಿರಿಯರಾದ ಖಾಜಾಬಿಯವರ ಮುಂದೆ ಎಲ್ಲವನ್ನೂ ಇಟ್ಟೆ. ಅವರು ಅಂಕಿಗಳನ್ನು ಎರಡು ಸಲ ಓದಿದರು, ಆಶ್ಚರ್ಯಪಡಲಿಲ್ಲ. ಆಶ್ಚರ್ಯಪಡಲಿಲ್ಲವೆಂಬುದನ್ನು ನಾನು ಗಮನಿಸಿದೆ. “ಐತವಾರ ಅಳೀರಿ ಅಂತ ಹಿರೇರು ಹೇಳ್ಯಾರ. ಬುಧವಾರ ಅಳೀ ಅಂತ ನಿನಗ ಯಾರು ಹೇಳಿದ್ರು, ಹುಲಿಗೆವ್ವಾ?” ಎಂದರು. ಆಮೇಲೆ ದನಿ ತಗ್ಗಿಸಿ, “ಬುಧವಾರ ಅಳದ್ರ ಅರ್ಧ ಮಂದಿ ಚೀಟಿ ಕಿತ್ಕೋಬೇಕಾಗ್ತದ. ಪಂಪ್ ನೀ ತಿರುಗಿಸ್ತೀಯೇನು? ಫಸ್ಟ್ ಬಂದಾಕಿ, ನಿನ್ನ ಪದಕ ನೀನ ಹರ್ಕೊಳ್ಳೂ ಶ್ಯಾಣ್ಯಾತನ ಯಾವ ಪುಸ್ತಕದಾಗ ಐತಿ?” ಎಂದು ನನ್ನ ತಲೆ ಸವರಿದರು. ಮರುದಿನ ಈ ತ್ರೈಮಾಸಿಕದ ಪಟ್ಟಿ ಬಂತು. ಮನೆಯವರ ಅಳತೆ ಮನೆಯವರಿಗೆ ಕೊಡಬಾರದೆಂಬ ನಿಯಮವಿದ್ದರೂ ನನ್ನ ತಂದೆಯ ಹೆಸರು ನನ್ನ ಪಾಲಿಗೆ ಬಿದ್ದಿತ್ತು. ಮಗಳು ತಂದೆಗೆ ಅನ್ನ ಕೊಡುವ ಇಳಿಕೆಚೀಟಿಯನ್ನು ತಡೆಯಲಾರಳು ಎಂದು ಯಾರೋ ಯೋಚಿಸಿದ್ದಾರೆ. ಯಾರೆಂದು ನನಗೆ ಊಹೆಯಿದೆ.

ತಂದೆಯವರಿಗೆ ನಾನು ಹೇಳಿದ್ದು ಕಠಿಣವಾದುದೇನಲ್ಲ. ಮದ್ದನ್ನು ಒಮ್ಮೆಲೇ ಬಿಡಬೇಕಾಗಿಲ್ಲ. ರಾತ್ರಿ ಮೇಲ್ನೆಲದಲ್ಲಿ ಊರೂರು ಸುತ್ತುವ ವೈದ್ಯರು ಮುಂದಿನ ತಿಂಗಳು ಇಳಿದು ಬಂದಾಗ ಅವರನ್ನು ಕೇಳಿ ಪ್ರಮಾಣ ತಗ್ಗಿಸಬಹುದು, ಇಲ್ಲವೆ ವಾರದ ಸೂಜಿಯನ್ನು ಅರ್ಧರ್ಧವಾಗಿ ಎರಡು ಸಲ ಹಾಕಬಹುದು. ಒತ್ತಡಕ್ಕೆ ಮಾತ್ರೆ ಬೇಕಾದರೆ ಕೊಡುತ್ತಾರೆ. ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಪರೀಕ್ಷಿಸುತ್ತಾರೆ. ರಕ್ತ ಗಟ್ಟಿಯಾದುದಕ್ಕೂ ದಾರಿಯಿದೆ. ಅಲ್ಲಿಯವರೆಗೆ ಏಳನೆಯ ಮಟ್ಟ ಬೇಡ. ಅವರು ಕೊನೆಯ ಮಾತನ್ನು ಬಿಟ್ಟು ಎಲ್ಲವನ್ನೂ ಒಪ್ಪಿದರು. “ಅರ್ಧ ಸೂಜಿ ಅಂದ್ರ ಅರ್ಧ ಗಂಡಸು ಅಂತಾರ ಸಾಲಿನ್ಯಾಗ, ಅದನ್ನ ಬೇಕಾದ್ರ ತಡಕೋತೀನಿ,” ಎಂದರು. “ಆದ್ರ ಪಂಪ್ ಬಿಟ್ಟು ಮನ್ಯಾಗ ಕುಂದ್ರು ಅನಬ್ಯಾಡ. ಕುಂತು ನೋಡೀನಿ ನಾ. ಆ ಗ್ವಾಡಿ ಮತ್ತ ನನಗ ತೋರಿಸಬ್ಯಾಡ ಮಗಳ.” ನಾನು ಎದ್ದು ಹೋಗಿ ನೀರು ಕುಡಿದೆ.

ಈಗ ನಿಮಗೆ ನನ್ನ ಕೋರಿಕೆ. ನಿಮ್ಮಲ್ಲಿ ಈ ಮದ್ದು ತೆಗೆದುಕೊಳ್ಳುವವರಿದ್ದಾರೆ. ಅವರಿಗೆ ಸೂಚನೆಯ ಹಾಳೆ ಬರೆಯುವವರೂ ಇದ್ದಾರೆ. ಬರೆಯುವವರೆ, ಯಾವ ಸಾಲು ಯಾವ ಪರೀಕ್ಷೆಗೆ ಎಂಬುದನ್ನು ಅದೇ ಸಾಲಿನಲ್ಲಿ ಬರೆಯಿರಿ; ಶಿರೋನಾಮೆಯನ್ನು ನಂಬಿ ಕೂರಬೇಡಿ. ತೆಗೆದುಕೊಳ್ಳುವವರೆ, ಮದ್ದು ಶುರುವಾಗುವ ಮೊದಲಿನ ಅಂಕಿಗಳನ್ನು ಬರೆದಿಡಿ. ಆಮೇಲೆ ಮದ್ದು ಇಳಿದ ದಿನವೂ ಏರಿದ ದಿನವೂ ಅಳೆಯಿರಿ. ನಿಮ್ಮ ಮದ್ದು ಏರುವ ದಿನ ಯಾವುದೆಂದು ನಿಮ್ಮ ವೈದ್ಯರನ್ನು ಕೇಳಿ. ಎದೆನೋವು, ಏದುಸಿರು, ಕಾರಣವಿಲ್ಲದ ನಾಡಿಯ ಓಟ ಕಂಡರೆ ಅಳೆಯುತ್ತ ಕೂರದೆ ಹೊರಡಿ. ನಿಮ್ಮ ಮೇಲೆ ನನಗೆ ಒಂದು ಸಂಶಯವಿದೆ, ಅದನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ಅಂಕಿ ಬರುವ ಹೊತ್ತು ಯಾವುದೆಂದು ನಿಮ್ಮ ಮೈಗೆ ಮೊದಲೇ ಗೊತ್ತಿರುತ್ತದೆ. ನೀವು ಆ ಹೊತ್ತಿಗೇ ಪಟ್ಟಿ ಸುತ್ತುತ್ತೀರಿ. ನಾವು ಅದನ್ನೇ ಇಡೀ ಊರು ಸೇರಿ ಮಾಡಿದೆವು.

ನನ್ನ ಪ್ರಬಂಧ ತಪ್ಪೆಂದು ಶಾಲೆಗೆ ನಿನ್ನೆ ಬರೆದು ಕೊಟ್ಟಿದ್ದೇನೆ. ಮೊದಲ ಸ್ಥಾನವನ್ನು ಅವರು ಹಿಂದಕ್ಕೆ ಪಡೆಯಬಹುದು. ಆ ತಪ್ಪನ್ನು ಕಂಡುಹಿಡಿಯಲು ಎರಡನೆಯ ಸ್ಥಾನದವನಿಂದ ಆಗಲಿಲ್ಲವೆಂಬುದನ್ನೂ ಅದರಲ್ಲಿ ನಮೂದಿಸಿದ್ದೇನೆ.

ಇಲ್ಲಿಗೆ ನಿಲ್ಲಿಸಬೇಕಾಯಿತು. ಅಳತೆ ಆರಂಭವಾಯಿತು, ತಂದೆಯವರೇ ಮೊದಲು ಬಂದರು. ಅಂಗಿಯ ತೋಳು ಮಡಿಸಿ, ಬೆನ್ನಿಗೆ ಆಸರೆ ಕೊಟ್ಟು, ಐದು ನಿಮಿಷ ಮಾತಾಡದೆ ಕುಳಿತರು. ನನ್ನ ಮುಖವನ್ನು ನೋಡಲಿಲ್ಲ. ಒತ್ತಡ ನೂರ ಇಪ್ಪತ್ತೆರಡು, ಎಪ್ಪತ್ತಾರು. ನಾಡಿ ಎಪ್ಪತ್ತನಾಲ್ಕು. ಎರಡನೆಯ ಸಲವೂ ಅಷ್ಟೇ. ಅಳತೆಯಲ್ಲಿ ದೋಷವಿಲ್ಲ. ಖಾಜಾಬಿಯವರು ಇಳಿಕೆಚೀಟಿಯನ್ನು ನನ್ನ ಮುಂದಿಟ್ಟು, ಲೇಖನಿಯನ್ನೂ ತಾವೇ ತೆರೆದು ಕೊಟ್ಟು, ಬಾಗಿಲಲ್ಲಿ ನಿಂತಿದ್ದಾರೆ.

ನಾನು ಸಹಿ ಹಾಕುವುದಿಲ್ಲ.