ಚಪ್ಪರ ಬಿಚ್ಚಿದ ಮೇಲೆ ಆಡಿದ ಆಟ

ಪ್ರೀತಿಯ ಭಾವನವರಿಗೆ,

ನಿಮಗೆ ಓದು ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ. ಹೋದಲ್ಲಿ ಯಾರಾದರೂ ಓದಿ ಹೇಳುವವರು ಸಿಕ್ಕಿರಬಹುದು, ಇಲ್ಲಿ ನಾನು ಓದಿ ಹೇಳುತ್ತಿದ್ದ ಹಾಗೆ.

ಆ ಬೆಳಗುಗಳು ನೆನಪಿವೆಯೇ? ಗಂಡ ಸತ್ತ ಮೇಲೆ ನನ್ನನ್ನು ನಿಮ್ಮ ಮನೆಗೇ ಕರೆತಂದಿದ್ದಿರಿ. ಅಕ್ಕ ಹಜಾರದಲ್ಲಿ ರಾಗಿ ಬೀಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನಾಟಕದ ಪುಸ್ತಕದಿಂದ ಒಂದೊಂದೇ ಸಾಲು ಓದುತ್ತಿದ್ದೆ. ನೀವು ಎತ್ತಿಗೆ ಹುಲ್ಲು ಹಾಕುತ್ತಾ ಅದನ್ನೇ ತಿರುಗಿ ಹೇಳುತ್ತಿದ್ದಿರಿ. ಗುಮ್ಮಳಾಪುರದ ಹಾರ್ಮೋನಿಯಂ ಮೇಷ್ಟ್ರು ತಾವೇ ಕಟ್ಟಿದ್ದ ಕಥೆ ಅದು. ಗಂಡನನ್ನು ಸೆರೆಯಿಂದ ಬಿಡಿಸಲು ಶತ್ರುರಾಜನ ಸಭೆಗೆ ರಾಣಿ ಒಬ್ಬಳೇ ಹೋಗುತ್ತಾಳೆ. ನಮ್ಮೂರಲ್ಲಿ ಹೆಂಗಸರು ರಂಗ ಹತ್ತುವುದುಂಟೇ? ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ನಿಮಗೇ ರಾಣಿ ಪಾತ್ರ ಬಂತು, ಆ ಕಂಠದಿಂದಾಗಿ.

ನೀವು ಮೀಸೆ ತೆಗೆಸಿಕೊಂಡು ಬಂದ ದಿನ ನಿಮ್ಮವ್ವ ಎದೆ ಬಡಿದುಕೊಂಡರು. "ಅಪ್ಪ ಗುಂಡ್‌ಕಲ್ಲಂಗೆ ಕೂತವ್ನೆ, ಈಗ್ಲೇ ಮೀಸೆ ತೆಗೆದ್ಬುಟ್ಟಲ್ಲೋ!" ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ನಂಗಿಂತ ಇವ್ರೇ ಚೆಂದಾಗವ್ರೆ ನೋಡೇ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಚಪ್ಪರ ಎದ್ದಿತ್ತು. ಹೊಸೂರಿನಿಂದ ಪರದೆ ಗಾಡಿಯಲ್ಲಿ ಬಂದಿತ್ತು. ಯುದ್ಧದ ಕಾಲ, ಸೀಮೆಎಣ್ಣೆಯೇ ಸಿಗುತ್ತಿರಲಿಲ್ಲ. ಅದನ್ನೂ ಹೇಗೋ ಹೊಂದಿಸಿದ್ದಿರಿ. ನಾಳೆ ಆಟ ಅನ್ನುವಾಗ ಪಟೇಲರ ಅಟ್ಟದಿಂದ ಇಲಿ ಬಿತ್ತು. ಆಮೇಲೆ ಪಕ್ಕದ ಮನೆಯಲ್ಲಿ, ಅದರ ಪಕ್ಕದಲ್ಲಿ... ಪ್ಲೇಗು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಂಜೆಗೆ ಊರೇ ಬೀಗ ಹಾಕಿಕೊಂಡು ಕೆರೆ ಬಯಲಿಗೆ ಬಂತು. ಚಪ್ಪರ ಬಿಚ್ಚಿ ಅದರ ಸೋಗೆಯನ್ನೇ ಗುಡಿಸಲುಗಳಿಗೆ ಹೊದಿಸಿದರು. ಮೇಷ್ಟ್ರು ಹಾರ್ಮೋನಿಯಂ ಹೊತ್ತುಕೊಂಡು ತಮ್ಮೂರಿಗೆ ಹೋದರು. ಶತ್ರುರಾಜನ ಪಾತ್ರದವನು ಹೆಂಡತಿಯ ತವರು ಸೇರಿದ. ನಾಟಕದ ಪುಸ್ತಕ ಮುಚ್ಚಿದ ಮನೆಯೊಳಗೇ ಉಳಿಯಿತು.

ಅಕ್ಕನ ಕಂಕುಳಲ್ಲಿ ಗಡ್ಡೆ ಕಂಡದ್ದು ಆಮೇಲೆ. ಕಾಯಿಲೆಯವರಿಗೆ ಕೆರೆಯ ಆಚೆ ದಡ ಎಂದು ಸೂಜಿ ಹಾಕುವ ಅಧಿಕಾರಿ ಅಪ್ಪಣೆ ಮಾಡಿದ್ದರು. "ಯಾರುಂ ಇಂದ ಪಕ್ಕಂ ವರಕ್ಕೂಡಾದು" ಎಂದು ತಮಿಳಿನಲ್ಲಿ ಗದರಿ, ಯಾರೂ ಈ ಕಡೆ ಬರಕೂಡದೆಂದು ಅವರು ಕೈ ಅಡ್ಡ ಮಾಡಿದಾಗ, ಒಬ್ಬರನ್ನು ಜೊತೆಗೆ ಬಿಡಿ ಎಂದು ನೀವು ಅವರ ಕಾಲು ಹಿಡಿದಿರಿ. ನಾನು ಹೋದೆ. ನೀವು ಈಚೆ ಉಳಿದು ಸತ್ತವರನ್ನು ಹೊತ್ತಿರಿ. ಹೆಣ ಮುಟ್ಟಲು ಸ್ವಂತ ಮಕ್ಕಳೇ ಹೆದರುತ್ತಿದ್ದ ದಿನಗಳವು.

ದಿನಾ ನೀರಿನಂಚಿಗೆ ಬಂದು ಕೂಗುತ್ತಿದ್ದಿರಿ, "ಸಾಕಮ್ಮಾ, ಹೆಂಗವ್ಳೆ?" ಕೆರೆ ಅಲ್ಲಿ ಕಿರಿದು, ಮಾತು ಕೇಳಿಸುತ್ತಿತ್ತು. ಒಂದು ದಿನ ನಾನು ತಡೆಯಲಾರದೆ ಕೂಗಿಬಿಟ್ಟೆ, "ಗಂಜಿ ಕುಡಿಯಾಕಿಲ್ಲ ಅಂತಾಳೆ ಭಾವ. ನಿಮ್ಮ ಆಟ ನೋಡ್ದಲೇ ಹೊಂಟೋಯ್ತೀನಿ ಅಂತ ಅಳ್ತಾಳೆ." ನೀವು ಬೆನ್ನು ತಿರುಗಿಸಿ ಹೊರಟುಹೋದಿರಿ. ನನಗೆ ಕೋಪವೇ ಬಂತು.

ಬಿಸಿಲು ಇಳಿಯುವ ಮೊದಲು ನಿಮ್ಮ ದಡದ ಬಂಡೆಯ ಮೇಲೆ ಯಾರೋ ನಿಂತರು. ಕೆಂಪು ಸೀರೆ, ನುಣ್ಣನೆಯ ಮುಖ. ನಿಮ್ಮವ್ವನ ಧಾರೆ ಸೀರೆ ಎಂದು ಗುರುತು ಹಿಡಿಯಲು ನನಗೆ ಹೊತ್ತು ಹಿಡಿಯಿತು. ನೀವು ಹಾಡಲು ತೊಡಗಿದಿರಿ. ಪರದೆಯಿಲ್ಲ, ಹಾರ್ಮೋನಿಯಂ ಇಲ್ಲ. ಎರಡೂ ದಡದ ಗುಡಿಸಲುಗಳಿಂದ ಜನ ಹೊರಗೆ ಬಂದರು, ಬರಲಾಗದವರು ಮೊಣಕೈ ಊರಿ ತಲೆ ಎತ್ತಿದರು. ಅದು ನಮ್ಮ ಭಾವ, ಬೆಳಿಗ್ಗೆ ಹೆಣ ಹೊತ್ತವರು, ಎಂದು ನಂಬುವುದು ಹೇಗೆ? ನಿಂತಿದ್ದವಳು ರಾಣಿಯೇ.

"ಎಲೈ ದೊರೆಯೇ, ನಿನ್ನ ಸೆರೆಯಲ್ಲಿರುವುದು ನನ್ನ ಉಸಿರು. ಉಸಿರನ್ನು ಕಟ್ಟಿಹಾಕಿ ಒಡಲನ್ನೇಕೆ ಹೊರಗೆ ಬಿಟ್ಟಿರುವೆ?"

ಉತ್ತರ ಕೊಡಬೇಕಾದವನು ಊರಲ್ಲೇ ಇಲ್ಲ. ನೀವು ಕಾದಿರಿ. ಆಗ ಅಕ್ಕ ನನ್ನ ಕೈ ಜಗ್ಗಿದಳು. "ಎತ್ತಿ ಕೂರ್ಸೇ ನನ್ನ."

ಅವಳ ಬೆನ್ನನ್ನು ನನ್ನ ಎದೆಗೆ ಒರಗಿಸಿಕೊಂಡೆ. ಅವಳು ಉಸುರಿದಳು, ನಾನು ಕೂಗಿದೆ: "ಎಲೌ ಹೆಣ್ಣೇ, ಬರಿಗೈಯಲ್ಲಿ ಬಂದು ರಾಜನನ್ನು ಬೇಡುವೆಯಾ?" ಭಾವ, ಶತ್ರುರಾಜನ ಒಂದು ಸಾಲೂ ನನಗೆ ಬಾಯಿಪಾಠ ಇರಲಿಲ್ಲ. ಅಷ್ಟೂ ಅವಳದು. ರಾಗಿ ಬೀಸುತ್ತಾ ಕೇಳಿಸಿಕೊಂಡದ್ದು. ಅವಳ ಮೈ ಕೆಂಡದ ಹಾಗೆ ಸುಡುತ್ತಿತ್ತು, ಮಾತು ಮಾತ್ರ ಎಲ್ಲೂ ತಪ್ಪಲಿಲ್ಲ.

ಕೊನೆಗೆ ನೀವು ಬಂಡೆಯ ಮೇಲೆ ಮಂಡಿಯೂರಿ ಸೆರಗೊಡ್ಡಿದಿರಿ. ಪುಸ್ತಕದ ಪ್ರಕಾರ ಅಲ್ಲಿ ಶತ್ರುರಾಜ ನಕ್ಕು, ರಾಣಿಯನ್ನೂ ಸೆರೆಗೆ ಹಾಕಬೇಕು. ಅಕ್ಕ ಹೇಳಿದಳು, "ಬಿಟ್ಟಿದ್ದೀನಿ, ನಿನ್ನ ರಾಜನ್ನ ಕರ್ಕೊಂಡ್ ಹೋಗು ಅನ್ನು."

"ಪುಸ್ತಕದಾಗೆ ಹಂಗಿಲ್ಲ ಕಣಕ್ಕ."

"ಸುಟ್ಟೋಗ್ಲಿ ಪುಸ್ತಕ. ಅವ್ರು ಎಷ್ಟೊತ್ತು ಬೇಡ್ಕೋಬೇಕು? ಅನ್ನೇ."

ಕೂಗಿದೆ. ನೀವು ತಬ್ಬಿಬ್ಬಾಗಿ ತಲೆ ಎತ್ತಿದಿರಿ. ಸಾಕಮ್ಮ ಮಾತು ಮರೆತಳು ಅಂದುಕೊಂಡಿರಿ, ಅಲ್ಲವೇ? ಮರುಕ್ಷಣ ಎರಡೂ ಕೈ ಎತ್ತಿ ಮುಗಿದಿರಿ. ಎರಡೂ ದಡದಲ್ಲಿ ಯಾರೋ ಅತ್ತರು, ಯಾರೋ ಚಪ್ಪಾಳೆ ತಟ್ಟಿದರು. ಅಕ್ಕ ಗಂಜಿ ಕೇಳಿದಳು.

ಗಡ್ಡೆ ಒಡೆದು ಅವಳು ಉಳಿದುಕೊಂಡಳು. ಅದನ್ನು ಕೂಗಿ ಹೇಳಲು ನಾನು ನೀರಿನಂಚಿಗೆ ಓಡಿದಾಗ ಆಚೆ ನೀವಿರಲಿಲ್ಲ. ನಿಮ್ಮ ತಮ್ಮ ನಿಂತಿದ್ದರು, ತಲೆಗೆ ಟವೆಲ್ ಹೊದ್ದು, ನಿಮ್ಮನ್ನು ಹೊತ್ತು ಬಂದವರು...

ಇನ್ನೊಂದು ಸುದ್ದಿ. ಹೋದ ತಿಂಗಳು ಮೇಷ್ಟ್ರು ಬಂದಿದ್ದರು. ನಿಂತುಹೋದ ನಾಟಕವನ್ನು ಈಗಲಾದರೂ ಆಡಿಸೋಣವೇ ಎಂದು ಅಕ್ಕನ ಮುಂದೆ ತಲೆ ತಗ್ಗಿಸಿ ಕೇಳಿದರು. ಅವಳು ಅಳಲಿಲ್ಲ. "ಆಡ್ರಿ ಸ್ವಾಮಿ. ಆದ್ರೆ ಇದು ಎರಡ್ನೇ ಆಟ ಅಂತ ಸಾರ್ಬೇಕು" ಎಂದಳು.

ಹಾಗೇ ಸಾರಿಸಿದರು. ಉದ್ದನಪಲ್ಲಿ ಸಂತೆಯಲ್ಲಿ ತಮಟೆಯವನು ಎರಡ್ನೇ ಆಟ ಎಂದು ಕೂಗಿದಾಗ, ಬೇರೆ ಊರಿನವನೊಬ್ಬ ನಕ್ಕ. "ಮೊದಲ್ನೇದು ಯಾವಾಗಪ್ಪ ಆಯ್ತು?"

ಕಾಯಿಲೆಯ ದಡದಿಂದ ಬದುಕಿ ಬಂದ ಮುದುಕಿಯೊಬ್ಬಳು ಸೊಪ್ಪಿನ ಮಂಕರಿ ಕೆಳಗಿಟ್ಟು ಎದ್ದು ನಿಂತಳು.

"ನಾನು ನೋಡಿದ್ದೀನಿ ಕಣ್ಲಾ" ಎಂದಳು.

ನಿಮ್ಮ ನಾದಿನಿ,
ಸಾಕಮ್ಮ