ಗಂಟಿನ ಕೆಳಗಿನ ಬಳ್ಳಿ

ಬುಧವಾರ, ತಿಂಗಳ ಒಂಬತ್ತನೇ ತಾರೀಕು, ಮಧ್ಯಾಹ್ನ

ಪುಟ್ಟಿ,

ಮೊದಲು ಕೂತುಕೋ. ನಿಂತುಕೊಂಡೇ ಕೊನೆಯ ಸಾಲಿಗೆ ಹಾರಿ, ಅಜ್ಜಿ ಒಪ್ಪಿದಳೋ ಇಲ್ಲವೋ ಎಂದು ನೋಡುವ ನಿನ್ನ ಚಾಳಿ ನನಗೆ ಗೊತ್ತು. ಅಷ್ಟೆಲ್ಲ ಓದಿದವಳಿಗೆ ಒಂದು ಕಾಗದವನ್ನು ಮೇಲಿಂದ ಕೆಳಗೆ ಓದಲು ಬರುವುದಿಲ್ಲವೆಂದರೆ ಆ ಓದಿಗೆ ಬೆಂಕಿ ಬೀಳಲಿ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಒಂದೊಂದು ಅಕ್ಷರವನ್ನೂ ಕಲ್ಲು ಹೊತ್ತ ಹಾಗೆ ಹೊತ್ತು ತಂದು ಇಟ್ಟಿದ್ದೇನೆ. ಒಂದನ್ನೂ ಬಿಡದೆ ಓದು.

ನಿನ್ನ ಎರಡು ಕಾಗದಕ್ಕೂ ಉತ್ತರ ತಡವಾಯಿತು. ಸಿಟ್ಟು ಆರಲಿ ಎಂದು ಮೂರು ತಿಂಗಳು ಕಾದೆ. ಆರಲಿಲ್ಲ. ಇನ್ನೂ ಕಾದರೆ ದ್ರಾಕ್ಷಿಬಳ್ಳಿಯ ಕಣ್ಣು ಒಡೆದು ಚಿಗುರುತ್ತದೆ, ಆಮೇಲೆ ನೆಡಲು ಕಡ್ಡಿ ಕತ್ತರಿಸಿ ಪ್ರಯೋಜನವಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಉಸಿರಾಡುತ್ತಿದ್ದೇವೆ. ನನ್ನ ಮಂಡಿ ರೇಡಿಯೊಗಿಂತ ಮೊದಲೇ ಮಳೆಯ ಸುದ್ದಿ ಹೇಳುತ್ತದೆ. ನಿನ್ನ ಮಾವ ನಮ್ಮ ಕೆಂಬಾಯಿ ದ್ರಾಕ್ಷಿಯ ಸಾಲು ಕಿತ್ತ ಜಾಗದಲ್ಲಿ ಬಿಳಿ ದ್ರಾಕ್ಷಿ ಹಾಕಿದ್ದಾನಲ್ಲ, ಅದರ ವೈನನ್ನು ಮೊನ್ನೆ ಲೋಟದಲ್ಲಿ ತಂದುಕೊಟ್ಟು, "ಹೆಂಗಿದೆ ಅಮ್ಮಾ?" ಎಂದ. "ಲೋಟ ತೊಳೆದ ನೀರು ಯಾಕೋ ಕೊಟ್ಟೆ?" ಎಂದೆ. ಲೋಟ ಕಿತ್ತುಕೊಂಡು ಹೊರಟೇ ಹೋದ.

ಇನ್ನು ನಿನ್ನ ವಿಷಯ. "ಅಜ್ಜಿ, ಎಲ್ಲಿಂದಾದ್ರೂ ಕೆಂಬಾಯಿಯ ನಾಲ್ಕು ಕಡ್ಡಿ ಹುಡುಕಿ ಕಳಿಸು. ನಮ್ಮ ತೋಟದಲ್ಲಿ ಈಗಿರೋ ತಪ್ಪು ಬಳ್ಳೀನ ಕಿತ್ತು ಅದೇ ನಂಬರಿನ ಕಂಬದ ಬುಡಕ್ಕೆ ನೆಟ್ಟುಬಿಡ್ತೀನಿ, ಯಾರಿಗೂ ತಿಳಿಯಲ್ಲ" ಎಂದು ಬರೆದಿದ್ದೀಯ. ಎಷ್ಟು ಸಲೀಸು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಆರು ವರ್ಷದ ಹಿಂದಿನದನ್ನು ನೆನಪಿಸಿಕೋ. ಅಳಿದುಹೋಗುವ ತಳಿಗಳನ್ನು ಉಳಿಸುವ ದೊಡ್ಡ ತೋಟದಲ್ಲಿ ನಿನಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಎಲೆ ಉದುರಿದ ಚಳಿಗಾಲದಲ್ಲಿ ನಿನ್ನ ಮೇಲಧಿಕಾರಿಯನ್ನು ಕರೆದುಕೊಂಡು ನಮ್ಮ ತೋಟಕ್ಕೆ ಬಂದೆ. ಸಿಪ್ಪೆ ಮಾತ್ರವಲ್ಲ, ರಸವೂ ಕೆಂಪಾಗಿರುವ ಈ ದ್ರಾಕ್ಷಿ ಇನ್ನೆಲ್ಲೂ ಇಲ್ಲ ಎಂದು ಅವರಿಗೆ ನೀನೇ ಹೇಳಿದೆ. ತಿಂದವನ ಬಾಯಿ ಕೆಂಪಗಾಗಿ ಕಳ್ಳ ತಾನೇ ಸಿಕ್ಕಿಬೀಳುತ್ತಾನೆ, ಅದಕ್ಕೇ ಆ ಹೆಸರು ಎಂದು ನಾನು ಹೇಳಿದಾಗ ಅವರು ನಕ್ಕರು. ಆ ವರ್ಷ ಮಂಡಿನೋವಿನಿಂದ ನಾನು ಬುಡದ ಕಳ್ಳಚಿಗುರು ಕಿತ್ತಿರಲಿಲ್ಲ. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ, ಬೇರಿಗೆಂದು ಇಟ್ಟ ಕಾಡುಬಳ್ಳಿಯದೇ ಕಡ್ಡಿಗಳು ಕೋಲಿನ ಹಾಗೆ ನೆಟ್ಟಗೆ ಬೆಳೆದು ನಿಂತಿದ್ದವು. ನೀನು ಬಗ್ಗಿ ಅವನ್ನೇ ಕತ್ತರಿಸಿದೆ. "ಪುಟ್ಟೀ, ಅದು ಕಾಡುಬಳ್ಳಿ ಕಣೇ, ಗಂಟಿನ ಮೇಲಿಂದ ತಗೋ" ಎಂದೆ. ನೀನು ತಲೆ ಎತ್ತದೆ, "ಅಜ್ಜಿ, ಸ್ವಲ್ಪ ಸುಮ್ನಿರು, ಇದು ನಮ್ಮ ಕೆಲಸ" ಎಂದೆ. ಅಧಿಕಾರಿಯ ಎದುರು ನಿನ್ನ ಮುಖ ಕೆಡಿಸಬಾರದೆಂದು ಬಾಯಿ ಮುಚ್ಚಿದೆ. ಹೇಳಿದ್ದು ಕಿವಿಗೆ ಬಿದ್ದಿದೆ, ಆಮೇಲೆ ತಿದ್ದಿಕೊಂಡಿರುತ್ತೀ ಎಂದುಕೊಂಡೆ. ಬಾಯಿ ಮುಚ್ಚಿ ಅಭ್ಯಾಸವಿಲ್ಲದವಳು ಒಂದು ದಿನ ಮುಚ್ಚಿದ್ದಕ್ಕೆ ಸಿಕ್ಕ ಫಲ ಇದು.

ಈ ಸಲ ಎಲೆ ಬಣ್ಣ ತಿರುಗುವ ಕಾಲದಲ್ಲಿ, ನಿನಗೆ ಹೇಳದೆ, ಎರಡು ಬಸ್ಸು ಬದಲಿಸಿ ನಿಮ್ಮ ತೋಟಕ್ಕೆ ಬಂದೆ. ಕೆಂಬಾಯಿಯ ಎಲೆ ಉದುರುವ ಮೊದಲು ರಕ್ತದ ಹಾಗೆ ಕೆಂಪಾಗುತ್ತದೆ. ನಮ್ಮ ಸಾಲು ಹೋದಮೇಲೆ ಆ ಬಣ್ಣ ನೋಡದೆ ಎರಡು ವರ್ಷವಾಗಿತ್ತು. ಕಳೆ ಕೀಳುತ್ತಿದ್ದ ಹೆಂಗಸು ನನ್ನನ್ನು ಕಂಬದ ಹತ್ತಿರ ಕರೆದೊಯ್ದಳು. ತಗಡಿನ ಮೇಲೆ ನಂಬರು, ಅದರ ಕೆಳಗೆ ಚಂದದ ಅಕ್ಷರದಲ್ಲಿ ಕೆಂಬಾಯಿ ಎಂಬ ಹೆಸರು. ಮೇಲೆ ಎಲೆಯೆಲ್ಲ ಹಳದಿ. ಆ ಹೆಂಗಸು, "ಸೊಂಪಾಗಿ ಬೆಳೆಯುತ್ತೆ ಅಮ್ಮಾ, ಆದ್ರೆ ಆರು ವರ್ಷದಿಂದ ಒಂದು ಗೊಂಚಲೂ ಇಲ್ಲ" ಎಂದಳು. "ಎಲ್ಲಿಂದ ಬಿಡುತ್ತೆ ತಾಯಿ, ಅದು ಕಾಡಿನ ಗಂಡುಬಳ್ಳಿ" ಎಂದೆ. ಅವಳು ನಕ್ಕಳು. ನಾನು ಆ ತಗಡು ಹಿಡಿದುಕೊಂಡೇ ಕೆಳಗೆ ಕೂತೆ.

ನೀನು ಓಡಿ ಬಂದೆ. ಆಚೀಚೆ ನೋಡಿ ಪಿಸುಗುಟ್ಟಿದೆ: "ನಂಗೆ ಗೊತ್ತು ಅಜ್ಜಿ. ಮೂರು ವರ್ಷದ ಹಿಂದೇನೇ ಪರೀಕ್ಷೇಲಿ ಗೊತ್ತಾಯ್ತು. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಸುಮ್ನಿದ್ದೆ." ಅಷ್ಟನ್ನೂ ಹೊಟ್ಟೆಗೆ ಹಾಕಿಕೊಂಡೆ. ಕೆಲಸ ಹೋಗುವ ಭಯವಿರುತ್ತದೆ. ಮನೆಯಲ್ಲಿ ಸಾಲು ಕೀಳುತ್ತಾರೆಂದು ಪಾಪ ಅವಳಿಗೇನು ಗೊತ್ತಿತ್ತು ಎಂದು ದಾರಿಯುದ್ದಕ್ಕೂ ನಿನ್ನ ಪರವಾಗಿ ನಾನೇ ವಾದ ಮಾಡಿದೆ.

ಈಗ ಕೇಳು. ಕೆಂಬಾಯಿ ಒಂದೇ ಒಂದು ಉಳಿದಿದೆ. ಪೀಪಾಯಿ ಮಾಡುವವನ ಕೊಟ್ಟಿಗೆಯ ಹಿಂದೆ, ನಾನೇ ಕಸಿ ಕಟ್ಟಿಕೊಟ್ಟ ಬಳ್ಳಿ. ಹೋಗಿ ನೋಡಿದೆ. ಕೀಳದೆ ಬಿಟ್ಟ ಎರಡು ಹಣ್ಣು ಒಣಗಿ ನೇತಾಡುತ್ತಿದ್ದವು, ಬಾಯಿಗೆ ಹಾಕಿಕೊಂಡೆ. ಅವನು ನೋಡಿ, "ಅಕ್ಕಾ, ಈ ವಯಸ್ಸಲ್ಲಿ ತುಟಿಗೆ ಬಣ್ಣ ಯಾರಿಗೋಸ್ಕರ?" ಎಂದ. ನನಗೆ ನಗು ಬರಲಿಲ್ಲ ಪುಟ್ಟಿ, ಅಳು ಬಂತು. ರಸ್ತೆ ಅಗಲ ಮಾಡುತ್ತಾರಂತೆ, ಮುಂದಿನ ತಿಂಗಳು ಕೊಟ್ಟಿಗೆ ಬೀಳುತ್ತದೆ, ಅದರ ಜೊತೆಗೆ ಬಳ್ಳಿಯೂ.

ಕದ್ದು ಕಡ್ಡಿ ಕಳಿಸುವುದಿಲ್ಲ. ಆ ಸುಳ್ಳುಬಳ್ಳಿಯ ಕಡ್ಡಿಯನ್ನು ಕೆಂಬಾಯಿ ಎಂದು ಬೇರೆ ನಾಲ್ಕು ತೋಟಗಳಿಗೆ ಹಂಚಿದ್ದೀರೆಂದು ಆ ಕಳೆ ಕೀಳುವ ಹೆಂಗಸು ಹೇಳಿದಳು. ನಿನ್ನ ಕಂಬದ ಬಳ್ಳಿ ಬದಲಿಸಿದರೆ ಅವರ ಕಂಬಗಳಿಗೆ ಏನು ಮಾಡುತ್ತೀ? ನೀನು ಮೇಲಧಿಕಾರಿಯನ್ನು ಕರೆದುಕೊಂಡು ಬಾ. ಅವರ ಎದುರಿಗೇ ಗಂಟಿನ ಮೇಲಿಂದ ಕಡ್ಡಿ ಕತ್ತರಿಸು. ಆರು ವರ್ಷ ಕಾಡುಬಳ್ಳಿಗೆ ನೀರು ಹಾಕಿದೆವು ಎಂದು ನಿನ್ನ ಕೈಯಿಂದಲೇ ದಾಖಲೆಯಲ್ಲಿ ಬರೆ. ಕೆಲಸ ಹೋದರೆ ಮನೆಗೆ ಬಾ, ಒಲೆಯ ಮುಂದೆ ನಿನಗೊಂದು ಮಣೆ ಇದ್ದೇ ಇದೆ.

ನಿನ್ನ ಬೆರಳಿಗೆ ಕತ್ತರಿ ತಾಗದಿರಲಿ, ನೆಟ್ಟ ಕಡ್ಡಿ ಬೇರು ಬಿಡಲಿ, ಮಲಗಿದರೆ ನಿದ್ದೆ ಬರಲಿ.

ನಿನ್ನ ಅಜ್ಜಿ

ಮರೆತು ಬಿಟ್ಟದ್ದಲ್ಲ, ಕೈ ಬಾರದೆ ಕೊನೆಗೆ ಉಳಿಸಿಕೊಂಡದ್ದು: ನಿನ್ನೆ ನಿನ್ನ ಮಾವನಿಗೆ ಬೈಯುತ್ತಿದ್ದೆ, ನನ್ನ ಸಾಲನ್ನು ಯಾರನ್ನು ಕೇಳಿ ಕಿತ್ತೆ ಎಂದು. ಅವನು ಸುತ್ತಿಗೆ ಕೆಳಗಿಟ್ಟು, "ಪುಟ್ಟೀನ ಕೇಳೇ ಕಿತ್ತಿದ್ದು ಅಮ್ಮಾ. ಕೆಂಬಾಯಿ ನಿಮ್ಮ ತೋಟದಲ್ಲಿ ಭದ್ರವಾಗಿದ್ಯಾ ಅಂತ ಫೋನ್ ಮಾಡಿದ್ದೆ. ಸ್ವಲ್ಪ ಹೊತ್ತು ಮಾತೇ ಇಲ್ಲ, ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ. ಆಮೇಲೆ, ತೆಗೀರಿ ಮಾವಾ, ಇಲ್ಲಿ ಭದ್ರವಾಗಿದೆ ಅಂದ್ಳು" ಎಂದ. ನಿನ್ನ ಪರೀಕ್ಷೆಯಾಗಿ ಆಗಲೇ ಒಂದು ವರ್ಷ ಕಳೆದಿತ್ತು. ಅವನಿಗೆ ಇದಾವುದೂ ತಿಳಿಯದು, ನಾನೂ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು. ಕ್ಷಮೆ ಗಿಮೆ ಬರೆದು ಕಾಗದ ಹಾಳು ಮಾಡಬೇಡ. ಫೋನ್ ಹಿಡಿದುಕೊಂಡು ಆ ಸ್ವಲ್ಪ ಹೊತ್ತು ಸುಮ್ಮನಿದ್ದೆಯಲ್ಲ, ಆಗ ನಿನ್ನ ತಲೆಯಲ್ಲಿ ಏನಿತ್ತು? ಅದನ್ನು ಬರೆ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು.